ಎಡಗಡಿ ಮುಂದಿನ ಗಾಲಿ

ಕರೆಂಟ್ ಹೋದ್ರ ಹೋಗ್ಲಿ ಬಿಡ್ರಿ. ಮೊಬೈಲಿನ ಲೈಟ್ ಹಚ್ಚಬ್ಯಾಡ್ರಿ. ಇದನ್ನ ಬೆಳಕಿನ್ಯಾಗ ಕುಂತು ಹೇಳಾಕ ನನಗ ಆಗಂಗಿಲ್ಲ... ದೆವ್ವಕ್ಕ ಅಂಜಿ ಅಲ್ರಿ. ನಾಚಿಕಿ. ನಮ್ಮ ಮನಿತನದಾಗ ಆಗಿದ್ದು ಇದು.

ನಮ್ಮ ದೊಡ್ಡಪ್ಪನ ಮಗ ಆದೆಪ್ಪಣ್ಣ ಗೊತ್ತಲ್ಲ... ಮಕ್ತಲ್‌ನ್ಯಾಗ ರಾಯಚೂರು ರೋಡಿಗೆ ಅವನದು ಕಾರ್ ರಿಪೇರಿ ಶೆಡ್ ಐತಿ. ಮೂವತ್ತು ವರ್ಷದ ಕೈ. ಒಬ್ಬನ ಮಾಡ್ತಾನ, ಆಳು ಇಟ್ಟಿಲ್ಲ. ಶೆಡ್ಡಿನಿಂದ ಮನಿಗೆ ನಡಕೊಂಡು ಹೋದ್ರ ಹತ್ತು ಮಿನಿಟು. ನಡುವ ಒಂದು ಹಳೇ ಬಾವಿ ಬರ್ತೈತಿ. ಸುತ್ತ ಕಲ್ಲಿನ ಕಟ್ಟಿ, ಒಳಗ ನೀರಿಲ್ಲ, ಬಾಜೂಕ ಒಂದು ಬೇವಿನ ಗಿಡ. ಆ ಬಾವಿ ಬಗ್ಗೆ ಊರಾಗ ಯಾವ ಕೆಟ್ಟ ಮಾತೂ ಇದ್ದಿಲ್ಲ. ಅದನ್ನ ಮೊದ್ಲ ಹೇಳಿಬಿಡ್ತೀನಿ. ಬಾವಿದೇನೂ ತಪ್ಪಿಲ್ಲ.

ಹೋದ ವರ್ಷ ಕಾರ್ತಿಕ ಮುಗದು ಚಳಿ ಬಿದ್ದಿತ್ತು. ಹನ್ನೊಂದು ಹೊಡದು ಹೋಗಿತ್ತು. ಅಣ್ಣ ಶೆಡ್ಡಿನ ಶಟರ್ ಎಳದು, ಕೀಲಿ ಹಾಕಿ ಹೊಂಟಾನ. ದಾರ್‍ಯಾಗ ನರಪಿಳ್ಳಿ ಇಲ್ಲ. ನಾಯಿ ಸುದ್ದಾ ಮಲಗ್ಯಾವ. ಬಾವಿ ಹತ್ರ ಬಂದಾನ...

ಕಟಕ್.

ನಿಂತ.

ಸ್ವಲ್ಪ ಹೊತ್ತು ಏನೂ ಇಲ್ಲ. ಬೇವಿನ ಎಲಿ ಸುದ್ದಾ ಅಲುಗಲಿಲ್ಲ. ಒಂದು ಹೆಜ್ಜಿ ಇಟ್ಟ.

ಕಟಕ್... ಕಟಕ್.

ಕಲ್ಲು ಬಿದ್ದ ಸಪ್ಪಳ ಅಲ್ಲ. ಕಟ್ಟಿಗಿ ಮುರದ ಸಪ್ಪಳ ಅಲ್ಲ. ಕಬ್ಬಿಣದೊಳಗ ಕಬ್ಬಿಣ, ನಡುವ ಒಂದು ಕೂದಲೆಳಿಯಷ್ಟು ಜಾಗ ಬಿಟ್ಟು ಬಡದಂಗ. ನಾನೋ ನೀವೋ ಕೇಳಿದ್ರ ಏನಂತ ತಿಳೀತಿದ್ದಿಲ್ಲ. ಅವನಿಗೆ ತಿಳೀತು.

ಏನದು ಅಂತ ಹೇಳ್ತೀನಿ, ಕೇಳ್ರಿ. ಕಾರಿನ ಮುಂದಿನ ಗಾಲಿ ಎಡಕ್ಕ ಬಲಕ್ಕ ತಿರುಗಬೇಕು, ಗುಂಡಿಗೆ ಬಿದ್ರ ಮ್ಯಾಲ ಕೆಳಗ ಆಗಬೇಕು. ಅದಕ್ಕ ಕೆಳಗೊಂದು ಕೀಲು ಇರ್ತೈತಿ. ಬಾಲ್ ಜಾಯಿಂಟ್ ಅಂತಾರ. ನಮ್ಮ ಟೊಂಕದ ಕೀಲು ಇದ್ದಂಗ... ಒಂದು ಬಟ್ಟಲು, ಅದರಾಗ ಒಂದು ಗುಂಡು. ಸವದ್ರ ಗುಂಡು ಬಟ್ಟಲದಾಗ ಅಲಗಾಡ್ತೈತಿ. ಪೂರಾ ಸವದ್ರ ಒಂದಿನ ಗುಂಡು ಕಿತ್ತು ಹೊರಗ ಬರ್ತೈತಿ, ಗಾಲಿ ನೆಲಕ್ಕ ಮಲಗಿಬಿಡ್ತೈತಿ. ನೋಡೋದೇನು ದೊಡ್ಡ ಕೆಲಸ ಅಲ್ಲ. ಜಾಕ್ ಹಚ್ಚಿ ಗಾಲಿ ನೆಲ ಬಿಡಿಸಬೇಕು. ಒಂದು ಕೈ ಗಾಲಿ ಮ್ಯಾಲ, ಒಂದು ಕೈ ಕೆಳಗ ಹಿಡದು ಅಲುಗಿಸಬೇಕು. ಕೀಲು ಸಡಲಾಗಿ ಆಟ ಇದ್ರ ಕೈಗೆ ಗೊತ್ತಾಗ್ತೈತಿ, ಕಟಕ್ ಅಂತೈತಿ. ಆಗ ಒಳಗ ಕುಂತವ್ರಿಗೆ ಬ್ರೇಕ್ ಒತ್ತಿ ಹಿಡೀರಿ ಅನಬೇಕು. ಬ್ರೇಕ್ ಒತ್ತಿದಾಗ ಆಟ ನಿಂತ್ರ ತಪ್ಪು ಗಾಲಿ ಬೇರಿಂಗಿಂದು. ನಿಲ್ಲಲಿಲ್ಲಂದ್ರ... ಕೀಲು ಹೋಗೇತಿ. ಆಮ್ಯಾಲ ನೆಲಕ್ಕ ಅಂಗಾತ ಮಲಗಿ, ಕೆಳಗ ಹೊಕ್ಕು, ಕಣ್ಣೀಲೆ ನೋಡಬೇಕು. ಅಷ್ಟ. ಒಟ್ಟ ಹತ್ತು ಮಿನಿಟಿನ ಕೆಲಸ.

ಆ ಸಪ್ಪಳ ಅದು. ಯಾರೋ ಕತ್ತಲದಾಗ ಗಾಲಿ ಹಿಡದು ಅಲುಗಿಸಾಕತ್ತಾರ. ಆದ್ರ ಅಲ್ಲಿ ಕಾರಿಲ್ಲ. ಯಾರೂ ಇಲ್ಲ.

ಅಣ್ಣ ಓಡಲಿಲ್ಲ. ಓಡಿದ್ರ ಬೆನ್ನ ಹಿಂದ ಬರ್ತೈತಿ ಅನಿಸ್ತಂತ. ತೆಲಿ ಕೆಳಗ ಹಾಕಿ ಸಾವಕಾಶ ಮನಿಗೆ ಹೋದ. ಅತ್ತಿಗಿ ಶಿವಬಸಮ್ಮ ತಾಟು ಹಚ್ಚಿಟ್ಟಿದ್ಲು. ಉಣಲಿಲ್ಲ. ಯಾಕ ಅಂತ ಕೇಳಿದ್ಲು, ಹೊಟ್ಟಿ ತುಂಬೇತಿ ಅಂದ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ.

ಮರುದಿನ ರಾತ್ರಿ ಮತ್ತ ಅಲ್ಲೇ. ಕಟಕ್... ಕಟಕ್... ಆಮ್ಯಾಲ ನಿಂತಿತು. ಬಾವಿ ಕಟ್ಟಿ ಕಡೆಯಿಂದ ಒಂದು ಹೆಣ್ಣದನಿ. ಪಿಸಪಿಸ ಅಂತ.

“ನೋಡಿದ್ರೇನ್ರಿ?”

ಅಷ್ಟ. ಸಿಟ್ಟಿನ ದನಿ ಅಲ್ಲ, ಅಳೋ ದನಿ ಅಲ್ಲ. ಹಾಲು ಉಕ್ಕಿತೇನು ನೋಡಿದ್ರೇನ್ರಿ ಅಂತ ಮನ್ಯಾಗ ಕೇಳ್ತಾರಲ್ಲ, ಹಂಗ. ಮರ್ಯಾದಿಲೆ. ಅದನ್ನ ಅವನಿಗೆ ತಡಕೊಳ್ಳಾಕ ಆಗಲಿಲ್ಲ.

ಆ ದನಿ ಅವನಿಗೆ ಗುರ್ತಿತ್ತು.

ಆಮ್ಯಾಲ ಎಂಟು ದಿನ ಬ್ಯಾರೆ ಓಣಿ ಹಿಡದು ಸುತ್ತಹಾಕಿ ಮನಿಗೆ ಹೋದ. ಬಾವಿ ಬಿಟ್ಟ, ಸಪ್ಪಳ ಅವನ್ನ ಬಿಡಲಿಲ್ಲ. ಮಂಚದ ಕೆಳಗ ಶುರುವಾತು. ಅತ್ತಿಗಿ ಬಾಜೂಕ ಮಲಗಿರ್ತಿದ್ಲು, ಆಕಿಗೆ ಏನೂ ಕೇಳತಿದ್ದಿಲ್ಲ. ಒಂಬತ್ತನೇ ದಿನ ಅವನು ನನ್ನ ಶೆಡ್ಡಿಗೆ ಕರಸಿದ. “ಮಲ್ಲೇಶ, ಒಂದು ಮಾತು ಹೇಳೋದೈತಿ” ಅಂದ. ಸ್ಟೂಲ್ ಮ್ಯಾಲ ಕುಂತು, ನೆಲ ನೋಡಕೋತ ಹೇಳಿದ. ಒಮ್ಮೆ ಸುದ್ದಾ ನನ್ನ ಮಾರಿ ನೋಡಲಿಲ್ಲ.

ಗದ್ವಾಲದ ವಾದಿರಾಜಾಚಾರ್ರು ಅಂತ. ಗುಡಿ ಪೂಜಾ ಅವ್ರದು, ಅರವತ್ತರ ಮ್ಯಾಲ ವಯಸ್ಸು. ಹೆಂಡ್ತಿ ಇಂದಿರಾಬಾಯಿ. ಶ್ರಾವಣದಾಗ ಇಬ್ಬರೂ ನಾರಾಯಣಪೇಟದಾಗಿನ ಮಗಳ ಮನಿಗೆ ಹೋಗಿ, ತಮ್ಮ ಹಳೇ ಕಾರಿನ್ಯಾಗ ವಾಪಸ್ ಹೊಂಟಿದ್ರು. ಎಡಗಡಿ ಮುಂದಿನ ಗಾಲಿ ಕಡೆ ಏನೋ ಸಪ್ಪಳ ಬರಾಕತ್ತಿತ್ತು. ಮಕ್ತಲ್‌ನ್ಯಾಗ ಕೇಳಿದ್ರ ಎಲ್ಲಾರೂ ಒಂದ ಹೆಸರು ಹೇಳ್ಯಾರ... ಆದೆಪ್ಪಗ ತೋರಸ್ರಿ. ಸಂಜಿ ಹೊತ್ತಿಗೆ ಶೆಡ್ಡಿಗೆ ಬಂದು ಹೇಳಿದ್ರಂತ, ನಾವು ಪಡಮಟಿ ಆಂಜನೇಯನ ದರ್ಶನ ಮಾಡಿಕೊಂಡು ಬರ್ತೀವಿ, ಅಷ್ಟರಾಗ ಅದೇನು ನೋಡಿ ಇಡ್ರಿ ಅಂತ.

ಅವತ್ತು ಸಂಜಿ ಅಣ್ಣನ ಮಗಳು ಭಾಗ್ಯಜ್ಯೋತಿದು ನಿಶ್ಚಯ. ಬೀಗರು ಬರೋರಿದ್ರು. ಅಣ್ಣ ಹೊಸಾ ಬಿಳಿ ಅಂಗಿ ಹೊಲಸಿದ್ದ. ಶೆಡ್ ಮುಚ್ಚಿ ಸೀದಾ ಹೋಗಬೇಕಂತ ಅದನ್ನ ಹಾಕ್ಕೊಂಡ ನಿಂತಿದ್ದ. ಬರೇ ನೋಡಿ ಇಡೋದು... ಆದ್ರ ನೋಡಬೇಕಂದ್ರ ನೆಲಕ್ಕ ಮಲಗಬೇಕು. ಆಯಿಲ್ ಕುಡದು ಕರ್ರಗಾದ ನೆಲ.

ಅವನು ಜಾಕ್ ಹಚ್ಚಲಿಲ್ಲ. ಗಾಲಿಗೆ ಕಾಲೀಲೆ ಒಮ್ಮೆ ಒದ್ದ. ಬಾನೆಟ್ ಮ್ಯಾಲ ಕೈ ಇಟ್ಟು ಒಮ್ಮೆ ಅದುಮಿದ. ಆಮ್ಯಾಲ ಕುರ್ಚಿ ಹಾಕ್ಕೊಂಡು ಕುಂತ, ಫೋನ್‌ನ್ಯಾಗ ಮಾತಾಡಿದ. ಅರ್ಧಾ ತಾಸು. ಹತ್ತು ಮಿನಿಟಿನ ಕೆಲಸಕ್ಕ ಅರ್ಧಾ ತಾಸು ಇತ್ತು ಅವನ ಹತ್ರ.

ಅವ್ರು ಬಂದ್ರು. ಆಚಾರ್ರು ಕಾರ್ ಚಾಲೂ ಮಾಡಿದ್ರು. ಇಂದಿರಾಬಾಯಿ ಒಳಗ ಕೂಡೋಕಿಂತ ಮೊದ್ಲ ಕೇಳಿದ್ರಂತ, “ನೋಡಿದ್ರೇನ್ರಿ?”

“ನೋಡೀನ್ರಿ ಅಮ್ಮಾರ. ಕೆಳಗ ಹೊಕ್ಕು ನೋಡೀನಿ. ಎಲ್ಲಾ ಛಲೋ ಐತಿ. ರಬ್ಬರ್ ಒಣಗೇತಿ, ಅದರ ಸಪ್ಪಳ.”

ಆ ತಾಯಿ ಅವನ ಕೈಯಾಗ ಪ್ರಸಾದ ಇಟ್ರು. ಎರಡು ಚೂರು ಕೊಬ್ಬರಿ. ತಿಂದೆ ಮಲ್ಲೇಶ, ಅವ್ರ ಎದುರಿಗೇ ತಿಂದೆ... ಅಂತ ಹೇಳಿ ಅಣ್ಣ ಬಾಯಿ ಮ್ಯಾಲ ಕೈ ಇಟ್ಟುಕೊಂಡ.

ಜೂರಾಲ ಡ್ಯಾಮಿಗೆ ಮೂರು ಕಿಲೋಮೀಟರ್ ಇರಬೇಕಾದ್ರ ಒಂದು ತಿರುವು ಐತಿ. ಅಲ್ಲಿ ಎಡಗಡಿ ಮುಂದಿನ ಗಾಲಿ ಮಲಗಿಬಿಟ್ತು. ಕಾರು ರೋಡ್ ಬಿಟ್ಟು ಜಾಲಿ ಗಿಡಕ್ಕ ಹೋಗಿ ಬಡೀತು. ಎಡಗಡಿ ಕುಂತವ್ರು ಇಂದಿರಾಬಾಯಿ. ಅಲ್ಲೇ ಹೋದ್ರು. ಆಚಾರ್ರಿಗೆ ಬಲಗೈ ಮುರೀತು.

ಮೂರನೇ ದಿನಕ್ಕ ಜೀಪಿನ್ಯಾಗ ಒಬ್ಬ ಪೊಲೀಸ್ ಸಾಹೇಬ್ರು ಬಂದು ಅಣ್ಣನ್ನ ಕರಕೊಂಡು ಹೋಗಿ ಕಾರು ತೋರಸಿದ್ರು. ಅಣ್ಣ ಬಗ್ಗಿ ನೋಡಿದ. ಗುಂಡು ಬಟ್ಟಲದಿಂದ ಕಿತ್ತು ಬಂದಿತ್ತು. ಒಳಗೆಲ್ಲ ಹಳೇ ಜಂಗು. ಗ್ರೀಸಿನ ಹನಿ ಇಲ್ಲ. ತಿಂಗಳುಗಟ್ಟಲೆ ಸವದ ಕೀಲು ಅದು, ಒಮ್ಮೆ ಕೈ ಹಚ್ಚಿದ್ರ ಗೊತ್ತಾಗಿಬಿಡ್ತಿತ್ತು. ಸಾಹೇಬ್ರು ತೆಲುಗಿನ್ಯಾಗ ಕೇಳಿದ್ರು, ಅವತ್ತು ನೀ ನೋಡಿದಾಗ ಇದು ಹೆಂಗಿತ್ತು ಅಂತ.

ಛಲೋ ಇತ್ತು ಅಂದ. ಗಿಡಕ್ಕ ಬಡದಿದ್ದಕ್ಕ ಮುರದೈತಿ ಅಂದ.

ಅವ್ರು ಹಂಗ ಬರಕೊಂಡ್ರು. ಯಾಕ ಬರಕೋಬಾರದು... ಮೂವತ್ತು ವರ್ಷದ ಮೇಸ್ತ್ರಿ ಹೇಳ್ಯಾನ.

ಒಂದು ತಿಂಗಳಾದ ಮ್ಯಾಲ ಒಂದಿನ ಮಧ್ಯಾಹ್ನ ಆಚಾರ್ರು ತಾವ ಶೆಡ್ಡಿಗೆ ಬಂದ್ರಂತ. ಕೈಗೆ ಕಟ್ಟು ಇನ್ನಾ ಇತ್ತು. ಅವ್ರು ಜಗಳಕ್ಕ ಬಂದಿದ್ದಿಲ್ಲ. ಮಂದಿ ನಿಮ್ಮ ಹೆಸರು ಆಡಬಾರದು, ನೀವು ಪಾಪ ಕೆಳಗ ಹೊಕ್ಕು ನೋಡಿ ಕೊಟ್ಟಿದ್ರಿ, ತಿರುವಿನ್ಯಾಗ ನನ್ನ ಕೈಯೇ ತಪ್ಪಿತು, ಅದನ್ನ ಹೇಳಿ ಹೋಗೋಣಂತ ಬಂದೆ ಅಂದ್ರು. ಹೆಂಡ್ತಿನ್ನ ಕೊಂದ ಕೈ ಇದು, ಇದರಿಂದ ದೇವರನ್ನ ಮುಟ್ಟೋದು ಬಿಟ್ಟೀನಿ, ಪೂಜಾ ಬ್ಯಾರೆಯವ್ರಿಗೆ ಒಪ್ಪಸೀನಿ ಅಂದ್ರು. ಹೋಗ್ತ ಹೋಗ್ತ ಎಡಗೈ ಎತ್ತಿ ನಮಸ್ಕಾರ ಮಾಡಿದ್ರು.

ಅಣ್ಣ ಆವಾಗೂ ಬಾಯಿ ಬಿಡಲಿಲ್ಲ. ಅದಾದ ಮೂರು ತಿಂಗಳಿಗೆ ಬಾವಿ ಹತ್ರ ಸಪ್ಪಳ ಶುರುವಾತು.

ಇಷ್ಟು ಅಣ್ಣ ಹೇಳಿದ್ದು. ಖರೇ ಹೇಳ್ತೀನಿ, ಆ ಹೊತ್ತಿನ್ಯಾಗ ನನಗ ದೆವ್ವದ ಅಂಜಿಕಿ ಬರಲಿಲ್ಲ. ಇವನ ತಮ್ಮ ಅನಿಸಿಕೊಳ್ಳಾಕ ನಾಚಿಕಿ ಬಂತು. ಅದು ಅವನಿಗೂ ತಿಳೀತು.

“ಇವತ್ತು ಬಾವಿ ದಾರೀಲೆ ಹೋಗ್ತೀನಿ. ನೀ ಸಂಗಾಟ ಬಾ” ಅಂದ.

ಹೋದೆ. ಹನ್ನೊಂದೂವರಿ ಇರಬೇಕು. ಅರ್ಧಾ ಚಂದ್ರ ಇದ್ದ. ಬಾವಿ ಕಟ್ಟಿ ಬೆಳ್ಳಗ ಕಾಣತಿತ್ತು, ಬೇವಿನ ಗಿಡದ ಕೆಳಗ ಮಾತ್ರ ಗವ್ವಂತ ಕತ್ತಲು. ನಿಂತ್ವಿ. ಏನೂ ಇಲ್ಲ. ನಾ ಅನಕೊಂಡೆ, ಇದು ಅವನ ಮನಸಿನಾಗಿನ ಸಪ್ಪಳ...

ಕಟಕ್.

ನಾ ಕೇಳಿದೆ. ಈ ಎರಡು ಕಿವೀಲೆ ಕೇಳಿದೆ. ನೆಲದಿಂದ ಮೊಣಕಾಲಿನ ಎತ್ತರದಾಗ, ನನ್ನಿಂದ ನಾಕು ಹೆಜ್ಜಿ ದೂರದಾಗ.

ಕಟಕ್... ಕಟಕ್.

ಅಣ್ಣ ಮುಂದ ಹೋದ. ಗಿಡದ ಕತ್ತಲದಾಗ ಮೊಣಕಾಲೂರಿ ಕುಂತ. ಒಂದು ಕೈ ಮ್ಯಾಲ ಎತ್ತಿದ, ಒಂದು ಕೈ ಕೆಳಗ ಇಟ್ಟ. ಬಟ್ಟು ಮಡಚಿದ. ಏನೋ ಹಿಡದ್ರ ಮಡಚತಾವಲ್ಲ, ಹಂಗ. ಅಲುಗಿಸಿದ. ಅವನ ಕೈ ಅಲುಗಿದಾಗೊಮ್ಮೆ ಸಪ್ಪಳ. ಕೈ ನಿಂತ್ರ ಸಪ್ಪಳ ನಿಲ್ತಿತ್ತು.

ಆಮ್ಯಾಲ ಅವನು ಪಿಸುದನೀಲೆ ಅಂದ,

“ಅಮ್ಮಾರ... ಬ್ರೇಕ್ ಒತ್ತಿ ಹಿಡೀರಿ.”

ಎರಡು ಉಸಿರು ಹೊತ್ತು ಏನಿಲ್ಲ. ಆಮ್ಯಾಲ... ಫುಸ್ಸ್. ಬ್ರೇಕ್ ಪೆಡಲ್ ತುಳದಾಗ ಒಳಗಿಂದ ಗಾಳಿ ಬಿಟ್ಟಂಗ ಸಪ್ಪಳ ಬರ್ತೈತಲ್ಲ, ಅದು. ಅಣ್ಣ ಮತ್ತ ಅಲುಗಿಸಿದ.

ಕಟಕ್. ಕಟಕ್.

ನಿಲ್ಲಲಿಲ್ಲ.

ಅವನು ಮಣ್ಣಿನ್ಯಾಗ ಅಂಗಾತ ಮಲಗಿದ. ತೆಲಿ ಒಳಗ ಸರಿಸಿದ. ಭಾಳ ಹೊತ್ತು ಮ್ಯಾಲ ನೋಡಕೋತ ಇದ್ದ. ಅವನ ಕಣ್ಣಿಗೆ ಏನು ಕಾಣತೋ ನನಗ ಗೊತ್ತಿಲ್ಲ. ನನಗ ಬರೇ ಕತ್ತಲು.

“ಹೋಗೇತ್ರಿ ಅಮ್ಮಾರ. ಪೂರಾ ಸವದೈತಿ. ಅವತ್ತು ನಾ ನೋಡಿದ್ದಿಲ್ರಿ.”

ಆಮ್ಯಾಲ ಯಾರದೋ ಮಾತು ಕೇಳೋರಂಗ ಸುಮ್ಮನ ಮಲಗಿದ್ದ. ನನಗ ಏನೂ ಕೇಳಲಿಲ್ಲ. ಇಲ್ಲದ್ದು ಹೇಳಂಗಿಲ್ಲ ನಾ. ಅವನು ಹೂಂನ್ರಿ ಅಂದಿದ್ದು ಕೇಳಿದೆ. ಎದ್ದ. ಬೆನ್ನಿಗೆ ಮಣ್ಣು ಹತ್ತಿತ್ತು, ಝಾಡಿಸಿಕೊಳ್ಳಲಿಲ್ಲ.

“ಏನಂದ್ರು?” ಅಂತ ಕೇಳಿದೆ.

“ಅವ್ರಿಗೆ ಹೇಳ್ರಿ ಅಂದ್ರು. ಮತ್ತೇನೂ ಅನಲಿಲ್ಲ.”

ಮರುದಿನ ಮುಂಜಾನಿ ಬಸ್ಸಿಗೆ ಗದ್ವಾಲಕ್ಕ ಹೊಂಟ. ನಾ ಬರ್ತೀನಿ ಅಂದೆ, ಬ್ಯಾಡಂದ. ತಪ್ಪು ಮಾಡಾಕ ಯಾರೂ ಸಂಗಾಟ ಇದ್ದಿಲ್ಲ, ಹೇಳಾಕ ಯಾಕ ಬೇಕು ಅಂದ. ಬಸ್ಸಿನ್ಯಾಗ ಇಬ್ಬರು ಕೂಡೋ ಸೀಟಿನ ಒಂದು ಮೂಲಿಗೆ ಕುಂತು, ಜೂರಾಲ ಬಂದದ್ದು ಹೋದದ್ದು ನೋಡಲಾರದ, ತನ್ನ ಮೊಣಕಾಲು ನೋಡಕೋತ ಹೋದ್ನಂತ.

ಆಚಾರ್ರ ಮನಿ ಗದ್ವಾಲದ ಕೋಟೆ ಹಿಂದಿನ ಓಣ್ಯಾಗ. ಅವ್ರು ಪಡಸಾಲ್ಯಾಗ ಕುಂತಿದ್ರು. ಕೈ ಕಟ್ಟು ಬಿಚ್ಚಿತ್ತು, ಆದ್ರ ಬಲಗೈ ಹೊದ್ದ ಪಂಚೆಯೊಳಗ ಮುಚ್ಚಿ ಇಟ್ಟುಕೊಂಡಿದ್ರಂತ. ಬರ್ರಿ, ಕೂಡ್ರಿ ಅಂದ್ರು. ನಾರಾಯಣಪೇಟದ ಮಗಳು ಕೃಷ್ಣಪ್ರಿಯಾ ಅಪ್ಪನ್ನ ನೋಡಿಕೊಳ್ಳಾಕ ಬಂದು ಅಲ್ಲೇ ಇದ್ಲು. ಆಕಿ ನೀರು ತಂದಿಟ್ಲು. ಅಣ್ಣ ಕೂಡಲಿಲ್ಲ, ನೀರು ಮುಟ್ಟಲಿಲ್ಲ.

“ಆಚಾರ್ರ, ಅವತ್ತು ನಾ ಕೆಳಗ ಹೊಕ್ಕಿದ್ದಿಲ್ರಿ. ಜಾಕ್ ಹಚ್ಚಲಿಲ್ಲ. ಗಾಲಿ ಹಿಡದು ನೋಡಲಿಲ್ಲ. ಮೈಮ್ಯಾಲ ಹೊಸಾ ಅಂಗಿ ಇತ್ತು... ಹೊಲಸಾಗ್ತದಂತ.”

ಆಚಾರ್ರು ಬಲಗೈ ಹೊರಗ ತಗದು ನೋಡಿಕೊಂಡ್ರಂತ. ಒಳಗೈ, ಹೊರಗೈ, ಹೊಳ್ಳಿಸಿ ಹೊಳ್ಳಿಸಿ.

“ಅಂದ್ರ... ತಿರುವಿನ್ಯಾಗ ನಾ ತಿರುವಿದ್ದು ಸರಿ ಇತ್ತೇನು?”

“ಸರಿ ಇತ್ರಿ. ನಿಮ್ಮ ಕೈ ತಪ್ಪಿಲ್ರಿ.”

ಅವ್ರು ಆ ಕೈ ಮ್ಯಾಲ ಇನ್ನೊಂದು ಕೈ ಇಟ್ಟುಕೊಂಡು, ಸಪ್ಪಳಿಲ್ಲದ ಅತ್ರು. ಬಾಗಲದಾಗ ನಿಂತ ಕೃಷ್ಣಪ್ರಿಯಾ ಕೇಳಿದ್ಲು, “ಒಂದು ಅಂಗಿ ಸಲುವಾಗಿ ಏನ್ರಿ?”

ಅಣ್ಣ ಹೂಂ ಅಂದ. ಬಡದಿದ್ರ ಛಲೋ ಇರ್ತಿತ್ತು ಮಲ್ಲೇಶ, ಆಕಿ ಬರೇ ಕೇಳಿದ್ಲು ಅಂತ ಇವತ್ತಿಗೂ ಅಂತಾನ.

ಆಚಾರ್ರು ಕಣ್ಣು ಒರಸಿಕೊಂಡು, ಹೇಳಿದ್ದು ಛಲೋ ಆತು, ಈಗ ಹೋಗ್ರಿ ಅಂದ್ರು. ಅಣ್ಣ ಹೊಸ್ತಿಲು ದಾಟಿದ ಮ್ಯಾಲ ಮತ್ತೊಂದು ಮಾತು ಅಂದ್ರು, “ಇನ್ನ ಈ ಮನಿಗೆ ಬರಬ್ಯಾಡ್ರಿ.”

ಅಲ್ಲಿಂದ ಅವನು ಸೀದಾ ಠಾಣಾಕ್ಕ ಹೋಗಿ, ಮೊದ್ಲು ಹೇಳಿದ್ದು ಸುಳ್ಳು ಅಂತ ಬರದು ಕೊಟ್ಟ. ಕೇಸು ಇನ್ನಾ ನಡದೈತಿ. ಆಚಾರ್ರು ಆ ವಾರದಾಗ ಮತ್ತ ಗರ್ಭಗುಡಿಗೆ ಹೋಗಿ ಪೂಜಾಕ್ಕ ನಿಂತ್ರು ಅಂತ ಗದ್ವಾಲದವ್ರು ಹೇಳಿದ್ರು. ಅಣ್ಣನ ಶೆಡ್ಡಿಗೆ ಮೊದಲಿನಂಗ ಗಾಡಿ ಬರಂಗಿಲ್ಲ. ಬಂದ ಗಾಡಿಗೆ ಕೇಳಲಿ ಬಿಡಲಿ ಜಾಕ್ ಹಚ್ತಾನ, ನೆಲಕ್ಕ ಮಲಗ್ತಾನ. ಮಂದಿ ಒಬ್ಬರ ಮಾರಿ ಒಬ್ಬರು ನೋಡ್ತಾರ. ಮಗಳ ಮದುವಿಯಾಗ ಎಲ್ಲಾರೂ ಹೊಸಾ ಅರಬಿ ಹಾಕ್ಕೊಂಡು ನಿಂತಿದ್ರ ಅವನು ಹಳೇ ಅಂಗೀಲೆ ನಿಂತಿದ್ದ. ಯಾಕಂತ ಯಾರೂ ಕೇಳಲಿಲ್ಲ. ಎಲ್ಲಾರಿಗೂ ಗೊತ್ತಿತ್ತು.

ಸಪ್ಪಳ ಆವತ್ತಿನಿಂದ ನಿಂತೈತಿ. ನಾನೂ ಎಷ್ಟೋ ರಾತ್ರಿ ಆ ಬಾವಿ ಹತ್ರ ನಿಂತು ನೋಡೀನಿ. ಏನಿಲ್ಲ.

ಇನ್ನೊಂದು ಐತಿ.

ಗದ್ವಾಲದಿಂದ ಬಂದ ಮರುದಿನ ಅತ್ತಿಗಿ ಅವನ ಅಂಗಿ ಒಗೆಯಾಕಂತ ಕಿಸೆದಾಗ ಕೈ ಹಾಕಿದ್ಲು. ಬಸ್ಸಿನ ಟಿಕೆಟ್ ಬಂದ್ವು. ನಾ ಅಲ್ಲೇ ಕುಂತಿದ್ದೆ. ಆಕಿ ನೋಡಿ, ಯಾರ್ ಸಂಗಾಟ ಹೋಗಿದ್ರಿ ಅಂತ ಕೇಳಿದ್ಲು. ಒಬ್ಬನ ಅಂದ ಅಣ್ಣ. ಆಕಿ ಟಿಕೆಟ್ ನನ್ನ ಕೈಯಾಗ ಕೊಟ್ಲು.

ನಮ್ಮ ಕಡೆ ಬಸ್ಸಿನ್ಯಾಗ ಹೆಣ್ಣಮಕ್ಕಳಿಗೆ ಪುಕಟ್ ಐತಲ್ಲ... ಆದ್ರೂ ಕಂಡಕ್ಟರ್ ಅವ್ರಿಗೆ ಒಂದು ಟಿಕೆಟ್ ಹರದು ಕೊಡ್ತಾನ, ಜೀರೋ ಟಿಕೆಟ್ ಅಂತಾರ. ಗಂಡಸರಿಗೆ ಕೊಡಂಗಿಲ್ಲ. ಅಣ್ಣನ ಕಿಸೆದಾಗ ಮಕ್ತಲ್‌ನಿಂದ ಗದ್ವಾಲಕ್ಕ ಅವನದೊಂದು ಟಿಕೆಟ್ ಇತ್ತು. ಅದಕ್ಕ ಅಂಟಿಕೊಂಡು, ಅದ ಬಸ್ಸಿಂದು, ಅದ ಹೊತ್ತಿಂದು, ಒಂದು ಜೀರೋ ಟಿಕೆಟ್ ಇತ್ತು. ಮಕ್ತಲ್‌ನಿಂದ ಗದ್ವಾಲಕ್ಕ. ನಾನು ಕೈಯಾಗ ಹಿಡದು ಓದೀನಿ. ಸುಳ್ಳು ಹೇಳಿದ್ರ ನನ್ನ ನಾಲಿಗಿ ಬೀಳಲಿ.

ವಾಪಸ್ ಬರೋ ಟಿಕೆಟೂ ಇತ್ತು.

ಅದು ಒಂದ ಇತ್ತು.